ರಕ್ಕಸರೆನಿಸಿಕೊಂಡವರ ಗುಡ್ಡ

ನನ್ನ ಎತ್ತರ ಮೂರೂವರೆ ಅಡಿ. ಹುಟ್ಟಿದ್ದು ಇಳಕಲ್ಲಿನ ನೇಕಾರರ ಮನೆಯಲ್ಲಿ. ಮಗ್ಗದ ಕುಣಿಯಲ್ಲಿ ಕುಳಿತರೆ ತುಳಿಯುವ ಹಲಗೆಗೆ ಕಾಲು ಮುಟ್ಟುತ್ತಿರಲಿಲ್ಲವಾದ್ದರಿಂದ ಅಪ್ಪ ನನ್ನನ್ನು ಓದಿಗೆ ಬಿಟ್ಟ. ಓದಿನ ಜೊತೆಗೆ ಗುಡ್ಡ ತಿರುಗುವ ಚಟ ನಾನಾಗಿಯೇ ಹಚ್ಚಿಕೊಂಡೆ. ಹಳೆಯ ಶಾಸನಗಳನ್ನು ಹುಡುಕುತ್ತ ಒಬ್ಬ ಬಿಳಿಯ ಸಾಹೇಬ ಬಾದಾಮಿಯಲ್ಲಿ ಡೇರೆ ಹಾಕಿದಾಗ ಈ ಎರಡೂ ಉಪಯೋಗಕ್ಕೆ ಬಂದವು. ಬೇರೆಯವರ ಮೈ ಹಿಡಿಸದ ಬಿರುಕುಗಳಲ್ಲಿ ನುಸುಳಿ, ಕಲ್ಲಿನ ಮೇಲೆ ತೊಯ್ದ ಕಾಗದ ಹಚ್ಚಿ, ಕುಂಚದಿಂದ ಬಡಿದು, ಮಸಿ ಸವರಿ, ಅಕ್ಷರಗಳ ಅಚ್ಚು ತೆಗೆದು ತರುವುದು ನನ್ನ ಕೆಲಸ. ಡೇರೆಯ ಕಾರಕೂನ ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. "ಆ ಗಿಡ್ಡನ್ನ ಕರೀರಿ" ಎನ್ನುತ್ತಿದ್ದ.

ಬಾದಾಮಿಗೂ ಪಟ್ಟದಕಲ್ಲಿಗೂ ನಡುವಿನ ಒಂದು ಗುಡ್ಡದ ಮೇಲೆ ಬೀಸುಕಲ್ಲು ಕಡಿಯುವ ಕೆಲವು ಮನೆಗಳಿದ್ದವು. ಸುತ್ತಲಿನ ಊರವರು ಅವರಿಗೆ ರಕ್ಕಸರು ಎನ್ನುತ್ತಿದ್ದರು. ಹಸಿ ಮಾಂಸ ತಿನ್ನುತ್ತಾರೆ, ಒಂಟಿಯಾಗಿ ಸಿಕ್ಕವರನ್ನು ಕಣಿವೆಗೆ ತಳ್ಳುತ್ತಾರೆ ಎಂದು ನಂಬಿದ್ದರು. ಹಾಗೆನ್ನುವ ಮನೆಯವರೇ ಕೆರೂರಿನ ಸಂತೆಯಲ್ಲಿ ಅವರು ತಂದ ಬೀಸುಕಲ್ಲು ಕೊಂಡು, ದಿನಾ ಅದರಲ್ಲೇ ಜೋಳ ಬೀಸಿ ರೊಟ್ಟಿ ತಿನ್ನುತ್ತಿದ್ದರು. ಕಲ್ಲಿನ ಧೂಳಿಗೆ ಅವರ ಕಣ್ಣು ಕೆಂಪಗಿರುತ್ತಿದ್ದವು, ಹೊರೆ ಹೊತ್ತು ಹೊತ್ತು ಭುಜ ದಪ್ಪಗಾಗಿದ್ದವು. ರಕ್ಕಸರಾಗಲು ಅಷ್ಟು ಸಾಕಾಯಿತು.

ಆ ಗುಡ್ಡದಲ್ಲಿ ಶಾಸನವಿದೆ ಎಂಬ ಸುದ್ದಿ ಬಂತು. ಡೇರೆಯ ಆಳುಗಳು ಯಾರೂ ಹೋಗಲೊಪ್ಪಲಿಲ್ಲ. ಕಾರಕೂನ ನನ್ನನ್ನು ಕಳಿಸಿದ. ಮೇಲೇರುತ್ತಿದ್ದಂತೆ ನಾಯಿಗಳು ಮೈಮೇಲೆ ಬಂದವು. ಓಡಿದರೆ ಕೆಟ್ಟೆನೆಂದು ಅಲ್ಲೇ ಕುಳಿತೆ. ಒಬ್ಬ ಮುದುಕಿ ನಾಯಿಗಳನ್ನು ಗದರಿಸಿ ನಿಲ್ಲಿಸಿ, ನನ್ನನ್ನು ಯಾರು ಕಳಿಸಿದರೆಂದು ಕೇಳಿದಳು.

"ಕಾರಕೂನರು ಕಳಿಸ್ಯಾರವ್ವ. ದೊಡ್ಡಾಂವ ಸತ್ರ ಲುಕ್ಸಾನ ಅಂತ ನನ್ನ ಕಳಿಸ್ಯಾರ."

ಅವಳು ನಗಲಿಲ್ಲ. ಒಳಗೆ ಹೋಗಿ ಒಂದು ರೊಟ್ಟಿ, ಗುರೆಳ್ಳು ಚಟ್ನಿ ತಂದು ಮುಂದಿಟ್ಟಳು. ಅವಳ ಮಗ ಅಲ್ಲಿಯ ಹಿರಿಯ. ಅವನು ಶಾಸನದ ಮಾತೇ ಎತ್ತಗೊಡಲಿಲ್ಲ. ಒಂದು ಉಳಿ ಕೊಟ್ಟು, ಬೀಸುಕಲ್ಲಿನ ಮೈಗೆ ಸಣ್ಣ ಸಣ್ಣ ಕಚ್ಚು ಹೊಡೆಯಲು ಕೂಡಿಸಿದ. ಮೊದಲ ಕಲ್ಲು ಕೆಡಿಸಿದೆ. ಅವನು ಬೈಯದೆ ಇನ್ನೊಂದನ್ನು ಸರಿಸಿದ. ಹತ್ತು ಹನ್ನೆರಡು ದಿನ ಹೀಗೇ ಹೋಗಿ ಬಂದು ಮಾಡಿದೆ. ನನ್ನ ಗಿಡ್ಡ ಬೆರಳಿನ ಕಚ್ಚು ಒಂದೇ ಸಮ ಬೀಳುತ್ತದೆಂದು ಅವರೇ ಒಬ್ಬರಿಗೊಬ್ಬರು ತೋರಿಸತೊಡಗಿದರು. ನನ್ನ ಮೈಯನ್ನು ನೋಡಿ ಯಾರೋ ಮೆಚ್ಚಿದ್ದು ಅದೇ ಮೊದಲು.

ಒಂದು ದಿನ ಹಿರಿಯ ಎದ್ದು, ಬಾ ಎಂದು ಕರೆದೊಯ್ದ. ಬಂಡೆಗಳ ನಡುವಿನ ಒಂದು ಸಂದಿಯಲ್ಲಿ ಗೋಡೆಯ ತುಂಬ ಅಕ್ಷರ. ಕೆಳಗೆ ಸಾಲಾಗಿ ತುಕ್ಕು ಹಿಡಿದ ಉಳಿಗಳು. ಅವರಲ್ಲಿ ಯಾರು ಸತ್ತರೂ ಅವರ ಉಳಿಯನ್ನು ಅಲ್ಲಿ ತಂದಿಡುತ್ತಾರಂತೆ.

"ಅಕ್ಷರ ಒಯ್ಯಿ," ಎಂದ. "ಉಳಿ ಮುಟ್ಟಬ್ಯಾಡ. ದಾರಿ ಯಾರಿಗೂ ಹೇಳಬ್ಯಾಡ."

ಅಚ್ಚು ಕಂಡು ಸಾಹೇಬ ಹಿಗ್ಗಿದ. ಜಾಗ ಎಲ್ಲಿ ಎಂದು ಕಾರಕೂನ ಕೇಳಿದ. ಮಾತು ಕೊಟ್ಟಿದ್ದೇನೆ, ಹೇಳಲಾರೆ ಎಂದೆ. ರಕ್ಕಸರಿಗೆ ಕೊಟ್ಟದ್ದೂ ಒಂದು ಮಾತೇನು ಎಂದು ಅವನು ಆಳುಗಳ ಮುಂದೆ ನಕ್ಕ. ಸಾಹೇಬನೂ ಕೂಡಿ ನಕ್ಕ.

ಅದೇ ವಾರ ಸಾಹೇಬನ ಹಿತ್ತಾಳೆಯ ದುರ್ಬೀನು ಕಾಣೆಯಾಯಿತು. ಗುಡ್ಡದವರೇ ಕದ್ದಿದ್ದಾರೆಂದು ಕಾರಕೂನ ಸಾರಿಬಿಟ್ಟ. ಅವರು ಡೇರೆಯ ಹತ್ತಿರವೂ ಸುಳಿದಿಲ್ಲವೆಂದು ನಾನು ಬಡಕೊಂಡೆ, ಯಾರು ಕೇಳಬೇಕು? ಸಿಪಾಯಿಗಳು ಹೋಗಿ ಹಿರಿಯನ ಕೈಕಟ್ಟಿ ತಂದು ಬೇವಿನ ಗಿಡಕ್ಕೆ ಬಿಗಿದರು. ಅವರ ಹೊಡೆತಕ್ಕೆ ಬಲಗೈಯ ಎರಡು ಬೆರಳು ಆಗಲೇ ಮುರಿದಿದ್ದವು. ಸಂದಿಯ ದಾರಿ ತೋರಿಸಿದರೆ ಬಿಡುತ್ತೇವೆಂದು ಕಾರಕೂನ ಅವನ ಕಿವಿಯಲ್ಲಿ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ಅವನು ಬಾಯಿ ಬಿಡಲಿಲ್ಲ.

ಅಲ್ಲಿ ಕೂಗಾಡಿ ಫಲವಿರಲಿಲ್ಲ. ಆ ವಾರ ಸಾಹೇಬ ಎಲ್ಲೆಲ್ಲಿ ನಡೆದಿದ್ದನೋ ಅಲ್ಲೆಲ್ಲ ಮರಳಿ ನಡೆದೆ. ಪಟ್ಟದಕಲ್ಲಿನ ಹತ್ತಿರ, ಮಲಪ್ರಭೆಯ ದಂಡೆಯಲ್ಲಿ, ಅವನು ಕುಳಿತು ಊಟ ಮಾಡಿದ್ದ ಹಾಸುಗಲ್ಲಿನ ಬಗಲಲ್ಲಿ ದುರ್ಬೀನು ಬಿದ್ದಿತ್ತು. ಅವನೇ ಮರೆತು ಬಂದಿದ್ದ. ತಂದು ಅವನ ಮೇಜಿನ ಮೇಲಿಟ್ಟೆ. ಅವನು ಸಂತೋಷಪಟ್ಟು, ಒರೆಸಿ, ಅದರ ಪೆಟ್ಟಿಗೆಯಲ್ಲಿಟ್ಟ. ಅಷ್ಟೇ.

"ಸಾಹೇಬರ, ಇದನ್ನ ಕದ್ದವರು ಯಾರ್ರಿ?" ಎಂದು ಕೇಳಿದೆ.

ಸಾಹೇಬನಿಗೆ ಕನ್ನಡ ತಿಳಿಯುತ್ತಿತ್ತು. ಆದರೂ ಉತ್ತರ ಕೊಟ್ಟವನು ಕಾರಕೂನ. "ಇದಲ್ಲದಿದ್ರ ಮತ್ತೊಂದು ಕದ್ದಿರ್ತಾರ, ಬಿಡು," ಎಂದ. ಹಿರಿಯನ ಹಗ್ಗ ಬಿಚ್ಚಿಸಿದರು. ತಪ್ಪಾಯಿತೆಂದು ಒಬ್ಬನೂ ಅನ್ನಲಿಲ್ಲ, ಆ ಬೆರಳುಗಳನ್ನು ಒಬ್ಬನೂ ನೋಡಲಿಲ್ಲ. ಮಸಿ, ಕುಂಚ, ಉಳಿದ ಕಾಗದ ಎಲ್ಲವನ್ನೂ ಕಾರಕೂನನ ಕಾಲಬುಡದಲ್ಲಿ ಸುರುವಿ ನಾನು ಹೊರಬಿದ್ದೆ.

ಗುಡ್ಡಕ್ಕೆ ಹೋಗುವಾಗ ಕಾಲು ಮುಂದೆ ಬರುತ್ತಿರಲಿಲ್ಲ. ನಾನು ಕಾಲಿಟ್ಟದ್ದರಿಂದಲೇ ಅವರಿಗೆ ಈ ಗತಿ ಬಂತಲ್ಲ. ಹಿರಿಯ ಅಂಗಳದಲ್ಲಿ ಕುಳಿತಿದ್ದ, ಮುದುಕಿ ಅವನ ಕೈಗೆ ಬಟ್ಟೆ ಸುತ್ತುತ್ತಿದ್ದಳು. ಅವನೇ ಮಾತೆತ್ತಿದ.

"ದಾರಿ ಹೇಳು, ಬಿಡ್ತೇವಿ ಅಂದ್ರು. ನೀ ಹೇಳಿಲ್ಲ ಅಂತ ನನಗ ಅವಾಗ ಖಾತ್ರಿ ಆತು."

ಆ ಕೈ ಮತ್ತೆ ಉಳಿ ಹಿಡಿಯುವಂತಿರಲಿಲ್ಲ. ಅವನು ದೊಡ್ಡ ಕೆಲಸವನ್ನು ಉಳಿದವರಿಗೆ ತೋರಿಸಿಕೊಟ್ಟು ಮಾಡಿಸಿದ, ಸಣ್ಣ ಕಚ್ಚಿನ ಕೆಲಸ ನನ್ನದಾಯಿತು. ಎರಡು ವರ್ಷ ಅಲ್ಲೇ ಇದ್ದೆ. ಕೆರೂರಿನ ಸಂತೆಯಲ್ಲಿ ನನ್ನ ಕಲ್ಲುಗಳೂ ಮಾರಿದವು.

ಎಷ್ಟೋ ಕಾಲದ ಮೇಲೆ ಬಾಗಲಕೋಟೆಯಲ್ಲಿ ಇಂಗ್ಲಿಷ್ ಬಲ್ಲ ಒಬ್ಬ ಮಾಸ್ತರರು ಸಾಹೇಬನ ಅಚ್ಚಾದ ವರದಿಯನ್ನು ನನಗೆ ಓದಿ ಹೇಳಿದರು. ಶಾಸನವನ್ನು ಕಂಡುಹಿಡಿದವನು ಸಾಹೇಬನಂತೆ. ಅಲ್ಲಿಯ ಜನ ಕ್ರೂರಿಗಳು, ಕಳ್ಳರು, ನಂಬಿಕೆಗೆ ಯೋಗ್ಯರಲ್ಲವಂತೆ. ನನ್ನ ಹೆಸರಿಲ್ಲದಿದ್ದರೆ ಹೋಗಲಿ, ಆ ಮೂರು ಮಾತು ಮಾತ್ರ ನುಂಗಲಾಗಲಿಲ್ಲ. ಇದು ಸುಳ್ಳು, ತಿದ್ದಿರಿ ಎಂದು ಮಾಸ್ತರರಿಂದ ಇಂಗ್ಲಿಷಿನಲ್ಲಿ ಕಾಗದ ಬರೆಸಿ ಸಾಹೇಬನ ಕಚೇರಿಗೆ ಕಳಿಸಿದೆ. ಉತ್ತರ ಬರಲಿಲ್ಲ. ಮತ್ತೆ ಎರಡು ಸಲ ಬರೆಸಿದೆ. ಕೊನೆಗೆ ಮಾಸ್ತರರಿಗೇ ಬೇಸರ ಬಂತು. ನನಗೆ ಇನ್ನೂ ಬಂದಿಲ್ಲ.