ಕೊನೆಯ ಸೆಟ್ಟಿನಲ್ಲಿ ನನ್ನನ್ನು ಹೊರಗೆ ಕರೆದವರು

ಮೊನ್ನೆ ಸಂಜೆ ಋಷಿಕೊಂಡ ಬೀಚಿನ ಮರಳಿನಲ್ಲಿ ಕೆಲವು ಹುಡುಗಿಯರು ವಾಲಿಬಾಲ್ ಆಡುತ್ತಿದ್ದರು. ಯಾರೋ ಒಬ್ಬಳ ಕಾಲಿಗೆ ನೋವಿನ ಸ್ಪ್ರೇ ಹೊಡೆದರು. ಉಪ್ಪು ಗಾಳಿಯಲ್ಲಿ ಆ ತಣ್ಣನೆಯ, ಮೂಗು ಚುರುಗುಟ್ಟಿಸುವ ವಾಸನೆ ತೇಲಿಬಂತು. ನಡೆಯುವುದನ್ನು ಮರೆತು ನಿಂತೆ... ಕೋಚ್ ಆಂಟಿ.

ಅವರು ಧಾರವಾಡದ ಕಡೆಯವರು. ಬ್ಯಾಂಕಿನ ಕೆಲಸದಲ್ಲಿ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದಿದ್ದರು. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಸಂಜೆಯಾದರೆ ನಮ್ಮ ಟೌನ್‌ಶಿಪ್ಪಿನ ಮೈದಾನಕ್ಕೆ ಬಂದು ಹುಡುಗಿಯರಿಗೆ ಆಟ ಕಲಿಸುತ್ತಿದ್ದರು. ಉಳಿದವರೊಡನೆ ಹರಕುಮುರುಕು ತೆಲುಗು, ಮನೆಮಾತು ಕನ್ನಡವಾಗಿದ್ದ ನನ್ನೊಬ್ಬಳೊಡನೆ ಕನ್ನಡ. ನಾನು ಎತ್ತರದ ಹುಡುಗಿ. ನನ್ನ ಸ್ಮ್ಯಾಶ್ ತಡೆಯುವವರು ಕಡಿಮೆ. ಚೆಂಡೆಲ್ಲ ಇವಳಿಗೇ ಎತ್ತಿಕೊಟ್ಟರೆ ಸಾಕು ಎನ್ನುತ್ತಿದ್ದರು ಕ್ಲಬ್ಬಿನ ಕಾರ್ಯದರ್ಶಿ. ಆಂಟಿ ಮಾತ್ರ, ನಾವು ಕುಳ್ಳಿ ಎನ್ನುತ್ತಿದ್ದ, ಸದಾ ಬೆಂಚಿನಲ್ಲೇ ಇರುತ್ತಿದ್ದ ಹುಡುಗಿಗೂ ನನ್ನಷ್ಟೇ ಹೊತ್ತು ಕಲಿಸುತ್ತಿದ್ದರು. ಗೆಲ್ಲುವ ಆಸೆ ಅವರಿಗೆ ಇರಲಿಲ್ಲವೆಂದಲ್ಲ. ಪಂದ್ಯದ ದಿನ ಅವರಿಗೆ ಊಟವೇ ಸೇರುತ್ತಿರಲಿಲ್ಲ.

ಆ ವರ್ಷದ ಫೈನಲ್ ವಿಜಯವಾಡದ ಬಳಿಯ ಇಬ್ರಾಹಿಂಪಟ್ನಂನಲ್ಲಿ. ಹಿಂದಿನ ದಿನವೇ ನನ್ನ ಮೊಣಕಾಲು ಊದಿತ್ತು, ಯಾರಿಗೂ ಹೇಳಿರಲಿಲ್ಲ. ಕೊನೆಯ ಸೆಟ್ಟಿನಲ್ಲಿ ನಾವೇ ಮುಂದಿದ್ದೆವು. ಒಮ್ಮೆ ನೆಗೆದವಳು ಒಂದೇ ಕಾಲಿನ ಮೇಲೆ ಇಳಿದೆ. ಅಷ್ಟೇ, ಆಂಟಿ ನನ್ನನ್ನು ಹೊರಗೆ ಕರೆದು ಕುಳ್ಳಿಯನ್ನು ಇಳಿಸಿದರು. ಇನ್ನೊಂದೆರಡು ಪಾಯಿಂಟ್ ಆಡಿಬಿಡುತ್ತೇನೆಂದು ಗೋಗರೆದೆ.

"ಕೂಡ್ರು ತಂಗಿ," ಎಂದರು, ಸ್ಪ್ರೇ ಹೊಡೆಯುತ್ತ. "ಕಪ್ ಮುಂದಿನ ವರ್ಷಾನೂ ಇರತೈತಿ. ಮೊಣಕಾಲು ಹೋದ್ರ ಎಲ್ಲಿಂದ ತರೂಣು?"

ಕುಳ್ಳಿ ನೆಲಕ್ಕೆ ಬಿದ್ದು ಬಿದ್ದು ಚೆಂಡು ಎತ್ತಿದಳು. ಆದರೂ ಸೋತೆವು. ಕೈಗೆ ಬಂದ ಕಪ್ಪನ್ನು ಕಳೆದಿರಿ ಎಂದು ಕಾರ್ಯದರ್ಶಿ ಎಲ್ಲರೆದುರು ರೇಗಿದರು. ಆಂಟಿ ನನ್ನ ತೋಳು ಹಿಡಿದು ಬಸ್ಸಿನತ್ತ ನಡೆಸಿದರು.

ಬಸ್ಸಿನಲ್ಲಿ ನನ್ನ ಕಾಲನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ನಾನಿನ್ನೂ ಮುನಿಸಿಕೊಂಡೇ ಇದ್ದೆ. ವಿಜಯವಾಡ ಹತ್ತಿರವಾದಂತೆ ಇಂದ್ರಕೀಲಾದ್ರಿ ಬೆಟ್ಟದ ಗುಡಿಯ ದೀಪಗಳು ಒಂದೊಂದಾಗಿ ಹತ್ತಿಕೊಂಡವು, ಕೃಷ್ಣೆಯ ನೀರಲ್ಲಿ ಅಲುಗಿದವು... ಕಿಟಕಿಯತ್ತ ತಿರುಗಿ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸೋಲು ಅವರನ್ನೂ ಸುಡುತ್ತದೆ ಎಂದು ನನಗೆ ಹೊಳೆದದ್ದು ಆಗಲೇ.

ಮುಂದಿನ ಹಂಗಾಮಿಗೆ ಕ್ಲಬ್ಬು ಬೇರೆ ಕೋಚ್ ತಂದಿತು. ಆಂಟಿಗೆ ಹುಬ್ಬಳ್ಳಿಗೆ ವರ್ಗವಾಯಿತು. ನನ್ನ ಕಾಲು ನಿಧಾನವಾಗಿ ಸರಿಹೋಯಿತು. ಕಾಲೇಜು ಮುಗಿಯುವವರೆಗೂ ಆಡಿದೆ.

ಕುಳ್ಳಿ ಈಗ ವಿಜಯವಾಡದ ಶಾಲೆಯೊಂದರಲ್ಲಿ ಆಟ ಕಲಿಸುತ್ತಾಳೆ. ಆಂಟಿ ತೀರಿಕೊಂಡ ಸುದ್ದಿಯನ್ನು ಹೋದ ವರ್ಷ ಅವಳೇ ಫೋನಿನಲ್ಲಿ ತಿಳಿಸಿದಳು. ಅವಳೊಡನೆ ಕೊನೆಯ ಸಲ ಮಾತಾಡಿದಾಗ ಆಂಟಿ, ಆ ಉದ್ದನೆಯ ಹುಡುಗಿಯ ಮೊಣಕಾಲು ಹೇಗಿದೆ ಎಂದು ಕೇಳಿದ್ದರಂತೆ.

ನಾನೀಗ ದಿನಾ ಈ ದಡದುದ್ದಕ್ಕೂ ನಡೆಯುತ್ತೇನೆ. ಅದನ್ನು ಅವರಿಗೆ ಹೇಳಬೇಕಿತ್ತು, ತೆಲುಗು ಬೆರೆಸದೆ, ಅವರದೇ ಕನ್ನಡದಲ್ಲಿ...