ಬರಿದಾದ ಮಡಿಲಿಗೂ ಬಿಸಿನೀರು

ಕಲಬುರಗಿಯ ಬ್ರಹ್ಮಪುರದ ನೀಲಕಂಠಪ್ಪನವರ ಮನೆಯ ಬಚ್ಚಲಲ್ಲಿ ನಸುಕಿಗೇ ಹೊಗೆ ತುಂಬಿದೆ. ಶಂಕ್ರಮ್ಮ ತೊಗರಿಕಟ್ಟಿಗೆಯನ್ನು ಒಲೆಗೆ ನೂಕಿ, ಹಂಡೆಯ ನೀರನ್ನು ಮೊಣಕೈಗೆ ಹನಿಸಿಕೊಂಡು ಹದ ನೋಡುತ್ತಾರೆ. ಬಾಣಂತಿಯರಿಗೆ ಬಿಸಿನೀರು ಎರೆಯುವುದು ಅವರ ಕಸುಬು. ಆದರೆ ಈ ಮನೆಯಲ್ಲಿ ತೊಟ್ಟಿಲು ಕಟ್ಟಿಲ್ಲ. ಸೊಸೆ ಚಂದಮ್ಮನ ಕೂಸು ಹುಟ್ಟಿದ ಮರುದಿನವೇ ತೀರಿಕೊಂಡಿದೆ.

ಅತ್ತೆ ಕಸ್ತೂರಿಬಾಯಿ ಬಚ್ಚಲ ಬಾಗಿಲಿಗೆ ಬಂದು ನಿಲ್ಲುತ್ತಾರೆ. "ನಿನ್ನ ಯಾರು ಕರದಾರ? ಕೂಸೇ ಇಲ್ಲಂದ್ರ ಬಾಣಂತನ ಯಾರದು?"

"ಕೂಸು ಹೋಗ್ಯದ ರೀ ಅವ್ವಾರ. ಮೈಗೆ ಅದು ಗೊತ್ತಿಲ್ಲ. ಹಾಲು ಬರಾಕತ್ತದ."

"ಮಂದಿ ಏನಂದಾರು?"

"ಅನ್ನಾವ್ರು ಬರ್ಲಿ ಬಿಡ್ರಿ, ಅವರಿಗೂ ನಾಕು ತಂಬಿಗಿ ಎರೀತೀನಿ."

ಕೂಸಿಲ್ಲದವಳಿಗೆ ಬಾಣಂತನವಿಲ್ಲ ಎಂಬುದು ಈ ಕಡೆಯ ರೂಢಿ. ಶಂಕ್ರಮ್ಮ ಅದನ್ನು ತಾವೇ ಉಂಡವರು. ಕಮಲಾಪುರದಲ್ಲಿ ಅವರ ಚೊಚ್ಚಲ ಕೂಸು ಹೋದಾಗ ಹಾಲು ಕಟ್ಟಿ ಜ್ವರವೇರಿತ್ತು. ಯಾರೂ ಒಲೆ ಹಚ್ಚಲಿಲ್ಲ. ಪಕ್ಕದ ಓಣಿಯ ಮೆಹಬೂಬಿ ಕರೆಯದೇ ಬಂದು ನೀರು ಕಾಸಿದಳು. ಎರೆಯುವುದನ್ನು ಕಲಿಸಿದವಳೂ ಅವಳೇ. "ಈ ಜೀವ ಖಾಲಾ ಕೊಟ್ಟದ್ದು ರೀ," ಎಂದು ಅವಳನ್ನು ಚಿಕ್ಕಮ್ಮನೆಂದೇ ನೆನೆಯುತ್ತಾರೆ ಶಂಕ್ರಮ್ಮ. ಗಂಡನಿಗೆ ಹತ್ತಿ ಗಿರಣಿಯಲ್ಲಿ ಕೆಲಸ ಸಿಕ್ಕು ಕಲಬುರಗಿಗೆ ಬಂದ ಮೇಲೆ, ಕೋಟೆಯ ಓಣಿಗಳಿಂದ ಬ್ರಹ್ಮಪುರದವರೆಗೂ ಅವರ ಓಡಾಟ.

ಚಂದಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ಮೈ ಕಾದಿದೆ, ಎದೆ ಕಲ್ಲಾಗಿದೆ. "ನನಗ್ಯಾಕವ್ವಾ ಸುಖ? ಅದು ಮಣ್ಣಾಗ ಮಲಗ್ಯದ."

"ಸುಖ ಅಲ್ಲ ತಂಗಿ. ಹಿಂಗೇ ಬಿಟ್ರ ಕೀವಾಗ್ತದ. ಬಾ, ನನ್ನ ಹೆಗಲು ಹಿಡಿ."

ಮಣೆಯ ಮೇಲೆ ಕೂರಿಸಿ, ಸೊಂಟಕ್ಕೆ ನೀರು ಎರೆದು, ಬಿಸಿ ಅರಿವೆಯಿಂದ ಎದೆಗೆ ಶಾಖ ಕೊಟ್ಟು ಶಂಕ್ರಮ್ಮ ಮೆಲ್ಲನೆ ಹಾಲು ಹಿಂಡುತ್ತಾರೆ. ಬಟ್ಟಲು ತುಂಬುತ್ತದೆ. ಕಸ್ತೂರಿಬಾಯಿ ಅದನ್ನೆತ್ತಿ ಮೋರಿಗೆ ಚೆಲ್ಲಲು ಬಾಗುತ್ತಾರೆ.

"ಅತ್ತಿ, ಚೆಲ್ಲಬ್ಯಾಡ್ರಿ." ಎನ್ನುತ್ತಾ ಚಂದಮ್ಮ ಕೂಸು ಹೋದ ಮೇಲೆ ಮೊದಲ ಸಲ ಅಳುತ್ತಾಳೆ.

ಕಸ್ತೂರಿಬಾಯಿಯ ಕೈ ನಿಲ್ಲುತ್ತದೆ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಹಿತ್ತಲಿಗೆ ಹೋಗಿ, ಯಾರೂ ತುಳಿಯದ ಹಾಗೆ, ಪೇರಲ ಗಿಡದ ಬುಡಕ್ಕೆ ಹನಿಹನಿಯಾಗಿ ಎರೆಯುತ್ತಾರೆ. ಮರಳಿ ಬಂದು ಸೊಸೆಯ ತಲೆ ಒರೆಸುತ್ತಾ ಹೇಳುತ್ತಾರೆ: "ಶಂಕ್ರಮ್ಮಾ, ನಾಳಿಗೂ ಬಾ. ಒಲಿ ನಾ ಹಚ್ಚಿರ್ತೀನಿ."

ಬಿಸಿಲು ಓಣಿಗೆ ಇಳಿಯುವ ಹೊತ್ತಿಗೆ ಶಂಕ್ರಮ್ಮ ಹೊರಗೆ ಬಂದು ಸೆರಗು ಹಿಂಡಿಕೊಳ್ಳುತ್ತಾ ಪಕ್ಕದ ಮನೆಯಾಕೆಗೆ ಹೇಳುತ್ತಾರೆ: "ದೊಡ್ಡ ಆಸಿ ಏನೂ ಇಲ್ಲ ರೀ ನಂದು. ಇಂಥ ಮನಿಗೆ ಇಷ್ಟು ವರ್ಷ ಕರೀದೇ ಹೋಗೀನಿ. ಒಬ್ಬರಾದ್ರೂ ಬಾಯಿಬಿಟ್ಟು ಬಾ ಅನ್ಲಿ ಅಂತಿದ್ದೆ. ಇವತ್ತು ಅಂದ್ರು."