ಅತ್ತೆ ಬೈದರೆ ಓಡುವ ಮಾಲು

ಆಫೀಸಿನಲ್ಲಿ ಎಲ್ಲರೂ ಅವನನ್ನು ಅಂದಾಜಪ್ಪ ಎಂದೇ ಕರೆಯುತ್ತಿದ್ದರು. ಹೊಸ ಮಾಲು ಮಾರುಕಟ್ಟೆಗೆ ಬರುವ ಮುಂಚೆಯೇ, ಮೊದಲ ತಿಂಗಳಲ್ಲಿ ಅದು ಎಷ್ಟು ಖರ್ಚಾಗುತ್ತದೆ ಎಂದು ಹೇಳುವುದು ಅವನ ಕೆಲಸ. ಅವನು ಹೇಳಿದಷ್ಟನ್ನು ಕಂಪನಿ ತರಿಸುತ್ತಿತ್ತು, ತರಿಸಿದಷ್ಟೂ ಮಾರಿಹೋಗುತ್ತಿತ್ತು. ಕಿಟಕಿ ಪಕ್ಕದ ಜಾಗ, ತಿರುಗುವ ಕುರ್ಚಿ, ಎದುರು ಸಿಕ್ಕರೆ ಮ್ಯಾನೇಜರೇ ಮೊದಲು ಗುಡ್ ಮಾರ್ನಿಂಗ್ ಹೇಳುವ ಮರ್ಯಾದೆ, ಎಲ್ಲ ಆ ಅಂದಾಜಿನಿಂದ ಬಂದದ್ದು. ಅವನ ಕಂಪ್ಯೂಟರಿನ ಪರದೆಯ ಮೇಲೆ ಬಣ್ಣಬಣ್ಣದ ಗೆರೆಗಳು ಏರಿಳಿಯುತ್ತಿದ್ದವು. ಅವು ಬರೀ ತೋರಿಕೆಗೆ. ಅಸಲಿ ಯಂತ್ರ ಮನೆಯಲ್ಲಿತ್ತು. ಅದು ಅವನ ಅತ್ತೆ, ಹೆಂಡತಿಯ ತಾಯಿ.

ಅತ್ತೆ ಟೆಲಿಫೋನ್ ಆಪರೇಟರ್ ಆಗಿ ನಿವೃತ್ತರಾದವರು. ನೌಕರಿಯಲ್ಲಿದ್ದಷ್ಟು ಕಾಲ ಊರವರೆಲ್ಲ ಕಿವಿಯೊಳಗೆ ಕೂಗಾಡಿದರೂ "ದಯವಿಟ್ಟು ಕಾಯಿರಿ" ಎಂದು ಜೇನು ಸುರಿಸಿದ್ದರು. ಹಾಗೆ ನುಂಗಿಕೊಂಡದ್ದೆಲ್ಲ ನಿವೃತ್ತಿಯ ಮರುದಿನದಿಂದ ಹೊರಗೆ ಬರತೊಡಗಿತು. ಬೈಯುವುದರಲ್ಲಿ ಅವರದು ಎತ್ತಿದ ಕೈ. ಆದರೆ ಮನುಷ್ಯರ ತಂಟೆಗೆ ಹೋಗುತ್ತಿರಲಿಲ್ಲ, ಬೈಯುತ್ತಿದ್ದುದು ವಸ್ತುಗಳನ್ನು, ಅದರಲ್ಲೂ ಅಳಿಯ ಆಫೀಸಿನಿಂದ ತಂದು ತೋರಿಸುವ ಹೊಸ ಮಾಲಿನ ಮಾದರಿಗಳನ್ನು. ಟಚ್ ಫೋನ್ ಬಂದಾಗ "ಇದರ ಮುಖಕ್ಕಿಷ್ಟು ಬೆಂಕಿ ಹಾಕ, ಮಾತಾಡೋಕೂ ಗಾಜು ಉಜ್ಜಬೇಕಂತೆ!" ಅಂದರು. ಅದು ಮನೆಮನೆಗೂ ಹೋಯಿತು. ತಾನೇ ಓಡಾಡಿ ಕಸ ಗುಡಿಸುವ ಯಂತ್ರದ ಜನ್ಮ ಜಾಲಾಡಿದರು. ಅದು ಗೋದಾಮಿನಲ್ಲಿ ಒಂದೂ ಉಳಿಯಲಿಲ್ಲ. ಕಾಲು ಒತ್ತುವ ಪೆಟ್ಟಿಗೆಯನ್ನು ಮಾತ್ರ ನೋಡಿ "ಪಾಪ, ಚೆನ್ನಾಗಿದೆ" ಅಂದಿದ್ದರು. ಅದು ಇಂದಿಗೂ ಗೋದಾಮಿನ ಮೂಲೆಯಲ್ಲಿ ಧೂಳು ತಿನ್ನುತ್ತಿದೆ.

ಅಂದಾಜಪ್ಪ ಬೈಗುಳಕ್ಕೆ ತೂಕ ಕಟ್ಟಿದ. ಅತ್ತೆ ಮೂಗು ಮುರಿದರೆ ಒಂದು ಲಾರಿ ಮಾಲು. "ಏನ್ ಕರ್ಮಾನೋ" ಎಂದರೆ ಎರಡು. "ಇದನ್ನ ಮಾಡಿದವನ ಕೈ ಸೇದಿಹೋಗ" ಎಂದರೆ ಹಡಗಿಗೇ ಹೇಳಿಕಳಿಸಬೇಕು. ಈ ವಿದ್ಯೆಯನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವಳ ತಾಯಿಯ ಬಾಯಿಯ ಬಗ್ಗೆ ಇವನು ಏನಂದುಕೊಂಡಿದ್ದಾನೆ ಎಂಬುದೂ ಬಯಲಾಗುತ್ತಿತ್ತಲ್ಲ.

ಆ ವರ್ಷ ಒಂದೇ ವಾರದಲ್ಲಿ ಎರಡು ಹೊಸ ವಿಡಿಯೊ ಗೇಮ್ ಕನ್ಸೋಲ್‌ಗಳು ಬರುವುದಿತ್ತು. ಒಂದು ಕಂಪನಿಯದು ಕರಿ ಪೆಟ್ಟಿಗೆ, ನೆಟ್ಟಗೆ ನಿಲ್ಲುವಂಥದು. ಇನ್ನೊಂದರದು ಬಿಳಿ, ಅಂಗಾತ ಮಲಗಿರುವಂಥದು. ಯಾವುದು ಗೆಲ್ಲುತ್ತದೆ ಎಂಬ ಜಗಳದಲ್ಲಿ ಆಫೀಸು ಎರಡು ಹೋಳಾಯಿತು. ಕರಿಯ ಕಡೆಯವರು ಬಿಳಿಯ ಕಡೆಯವರ ಜೊತೆ ಒಂದೇ ಲಿಫ್ಟಿನಲ್ಲಿ ಹೋಗುವುದನ್ನು ಬಿಟ್ಟರು. ಲೆಕ್ಕದ ವಿಭಾಗದಲ್ಲಿದ್ದ ಗಂಡಹೆಂಡತಿ ಊಟದ ಡಬ್ಬಿ ಬೇರೆ ಮಾಡಿಕೊಂಡರು.

ಮ್ಯಾನೇಜರು ಅಂದಾಜಪ್ಪನನ್ನು ಒಳಗೆ ಕರೆದರು. "ನೋಡಪ್ಪಾ, ಯಾವುದು ಎಷ್ಟು ಹೋಗುತ್ತೆ ಅಂತ ನೀನೇ ಹೇಳ್ಬೇಕು. ತಪ್ಪಿದ್ರೆ ನಿನ್ನ ಕುರ್ಚಿ ವಾಪಸ್ ಬಂದ ಮಾಲಿನ ಕೋಣೆಗೆ ಹೋಗುತ್ತೆ. ಕುರ್ಚಿ ಜೊತೆ ನೀನೂ ಹೋಗ್ತೀಯ."

ಆ ಕೋಣೆ ನೆಲಮಾಳಿಗೆಯಲ್ಲಿತ್ತು. ಕೆಟ್ಟು ವಾಪಸ್ ಬಂದ ಸಾಮಾನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೇನು ಸದ್ದಾಗುತ್ತದೆ ಎಂದು ಕೇಳುವುದು ಅಲ್ಲಿನ ಕೆಲಸ. ಅಲ್ಲಿ ಕೂತವರು ಬರಬರುತ್ತ ಮನೆಯ ಮಕ್ಕಳನ್ನೂ ಎತ್ತಿ ಅಲ್ಲಾಡಿಸಿ ನೋಡುತ್ತಾರೆಂದು ಸುದ್ದಿ. ಅಂದಾಜಪ್ಪ ಎರಡೂ ಕನ್ಸೋಲ್‌ಗಳ ಒಂದೊಂದು ಮಾದರಿಯನ್ನು ಮನೆಗೆ ಹೊತ್ತುಕೊಂಡು ಬಂದ.

ಟಿ.ವಿ.ಗೆ ಸಿಕ್ಕಿಸಿ, ಅತ್ತೆಯ ಎದುರು ಕರಿಯದನ್ನು ಆಡಿ ತೋರಿಸಿದ. ಪರದೆಯ ಮೇಲೆ ಕಾರು ಓಡಿತು, ಗೋಡೆಗೆ ಗುದ್ದಿತು, ಹೊತ್ತಿ ಉರಿಯಿತು. ಅಂದಾಜಪ್ಪ ಕಿವಿ ನಿಮಿರಿಸಿ ಕುಳಿತ.

"ಚೆನ್ನಾಗಿದೆ" ಅಂದರು ಅತ್ತೆ.

ಅವನು ಕರಿಯದರ ವಯರು ಕಿತ್ತ. ಬಿಳಿಯದನ್ನು ಹಚ್ಚಿದ. ಯಾರೋ ಯಾರನ್ನೋ ಅಟ್ಟಿಸಿಕೊಂಡು ಹೋಗಿ ಕತ್ತಿಯಿಂದ ತಿವಿದರು.

"ಅದೂ ಚೆನ್ನಾಗಿದೆ."

ಆಮೇಲೆ ಅವನು ಮಾಡದ ಉಪಾಯವಿಲ್ಲ. ಅತ್ತೆಯ ಧಾರಾವಾಹಿಯ ಹೊತ್ತಿಗೇ ಆಟ ಹಚ್ಚಿ ಸದ್ದು ಜೋರು ಮಾಡಿದ. ಅವರ ಕನ್ನಡಕದ ಜಾಗದಲ್ಲಿ ಕರಿಯದನ್ನಿಟ್ಟ, ದಿಂಬಿನ ಮೇಲೆ ಬಿಳಿಯದನ್ನು ಮಲಗಿಸಿದ. "ಈ ವಯರು ಕಾಲಿಗೆ ಸಿಕ್ಕಿ ಬೀಳೋ ಹಾಗಾಯ್ತು ಅಲ್ವಾ ಅತ್ತೆ?" ಎಂದು ಎಳೆದು ನೋಡಿದ. "ವಯರು ಅಂದ್ಮೇಲೆ ಇರತ್ತೆ ಬಿಡಿ" ಎಂದು ಅವರು ಅದನ್ನು ಜೋಪಾನವಾಗಿ ಸುತ್ತಿಟ್ಟರು. ಅವರ ಮುಖದಲ್ಲಿ ಎಂದೂ ಇಲ್ಲದ ಶಾಂತಿ ಇತ್ತು.

ಕೊನೆಗೆ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

"ಏನು ತೊಂದರೆ?" ಕೇಳಿದರು ಡಾಕ್ಟರು.

"ಬೈತಾ ಇಲ್ಲ" ಅಂದ ಅಂದಾಜಪ್ಪ.

"ಯಾರು?"

"ನಮ್ಮತ್ತೆ. ಮುಂಚೆ ದಿನಕ್ಕೆ ಮೂರು ಹೊತ್ತು ಬೈತಿದ್ರು. ಈಗ ಪೂರ್ತಿ ನಿಂತೋಗಿದೆ."

ಡಾಕ್ಟರು ಅತ್ತೆಯ ನಾಲಗೆ ನೋಡಿದರು, ನಾಡಿ ಹಿಡಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಆಮೇಲೆ ಅಳಿಯನನ್ನು ಬದಿಗೆ ಕರೆದು, "ಇದು ಅಂಟುರೋಗ ಏನಾದ್ರೂ ಆಗಿದ್ರೆ ದಯವಿಟ್ಟು ನಮ್ಮನೆಗೂ ಒಂದ್ಸಲ ಕರ್ಕೊಂಡು ಬನ್ನಿ" ಅಂದರು. ಅತ್ತೆಯ ಆರೋಗ್ಯ ಗುಂಡುಕಲ್ಲಿನಂತಿತ್ತು.

ಇನ್ನು ದಾರಿ ಇರಲಿಲ್ಲ. ಅತ್ತೆ ಎರಡನ್ನೂ ಹೊಗಳಿದ್ದಾರೆ, ಅಂದಮೇಲೆ ಎರಡೂ ಕೊಳೆಯುವ ಮಾಲು. ಅಂದಾಜಪ್ಪ ಮಾದರಿಗಳನ್ನು ಆಫೀಸಿಗೆ ವಾಪಸ್ ಕೊಟ್ಟು, ಮೀಟಿಂಗಿನಲ್ಲಿ ಎದ್ದುನಿಂತು, "ಎರಡೂ ಓಡಲ್ಲ. ಅಂಗಡಿಗೆ ಬೆರಳೆಣಿಕೆಯಷ್ಟು ಕೊಟ್ರೆ ಹೆಚ್ಚಾಯ್ತು" ಅಂದ. ಕರಿಯ ಕಡೆಯವರೂ ಬಿಳಿಯ ಕಡೆಯವರೂ ಮೊದಲ ಬಾರಿಗೆ ಒಂದಾಗಿ ಅವನ ಮೇಲೆ ಹರಿಹಾಯ್ದರು. ಮ್ಯಾನೇಜರು ಮಾತ್ರ ಅವನ ಹಳೆಯ ಗೆಲುವುಗಳನ್ನು ನೆನೆದು ಹೂಂ ಎಂದು ತಲೆಯಾಡಿಸಿದರು.

ಮಾರಾಟ ಶುರುವಾಗುವ ಬೆಳಿಗ್ಗೆ ಅವನು ಪೇಟೆಯ ದೊಡ್ಡ ಅಂಗಡಿಯ ಕಡೆ ನಡೆದ. ಖಾಲಿ ಬಾಗಿಲು ನೋಡಿ ಸಮಾಧಾನಪಟ್ಟುಕೊಳ್ಳುವುದು ಅವನ ಉದ್ದೇಶ. ತಿರುವಿನಲ್ಲೇ ಒಂದು ಸಾಲು ಎದುರಾಯಿತು. ಔಷಧಿ ಅಂಗಡಿಯನ್ನು ದಾಟಿ, ಬ್ಯಾಂಕನ್ನು ಬಳಸಿ, ಬಸ್ ನಿಲ್ದಾಣದೊಳಗೆ ಹೋಗಿ ಹೊರಗೆ ಬಂದಿತ್ತು. ಇದು ಬೇರೆ ಯಾವುದಕ್ಕೋ ಇರಬೇಕು ಎಂದು ದೇವರನ್ನು ಬೇಡಿಕೊಳ್ಳುತ್ತ ಸಾಲಿನ ಮುಂತುದಿಯ ಹತ್ತಿರ ಬಂದರೆ, ಅಲ್ಲಿ ಮಡಚುವ ಸ್ಟೂಲಿನ ಮೇಲೆ ಅವನ ಅತ್ತೆ ಕುಳಿತಿದ್ದರು.

"ಅತ್ತೇ! ನೀವಿಲ್ಲಿ?"

"ಮತ್ತೆ ನೀವು ಅವೆರಡನ್ನೂ ಎತ್ಕೊಂಡು ಹೋದಿರಲ್ಲ. ದಿನಾ ಮಧ್ಯಾಹ್ನ ಎಷ್ಟು ಚೆನ್ನಾಗಿ ಆಡ್ಕೊಂಡಿದ್ದೆ. ಕಾರಿನ ಆಟ ಅರ್ಧಕ್ಕೇ ನಿಂತಿದೆ."

"ನಿಮಗೆ ಬೇಕಾ? ಮತ್ತೆ ಬೈಲೇ ಇಲ್ಲ?"

ಅತ್ತೆ ಅವನನ್ನು ದಡ್ಡನನ್ನು ನೋಡುವಂತೆ ನೋಡಿದರು. "ನಂಗೆ ಬೇಕಾದ್ದನ್ನೇ ನಾನು ಬೈತಿದ್ದಿದ್ದು. ಬೇಕು ಅಂತ ಬಾಯಿಬಿಟ್ಟು ಹೇಗೆ ಕೇಳ್ಲಿ, ಮಗಳ ಮನೇಲಿರೋಳು? ಇಷ್ಟು ಬೈತಾರಲ್ಲ, ಒಂದು ತಂದುಕೊಡೋಣ ಅಂತ ಯಾರಿಗಾದ್ರೂ ಹೊಳೆಯತ್ತೇನೋ ಅಂತ ಕಾದೆ. ಆ ಫೋನಿಗೆ ಬೈದೆ, ಗುಡಿಸೋ ಯಂತ್ರಕ್ಕೆ ಬೈದೆ. ನೀವು ಎದುರು ಕೂತು ತಲೆ ಆಡಿಸಿ, ನನ್ನ ಕಣ್ಣೆದುರೇ ಎತ್ಕೊಂಡು ಹೋದಿರಿ. ಈ ಸಲ ಪಿಂಚಣೀಲಿ ನಾನೇ ಕೊಂಡ್ಕೊಳ್ಳೋದು ಅಂತ ತೀರ್ಮಾನ ಮಾಡಿದೆ. ಇನ್ನು ಬೈಯೋ ಶ್ರಮ ಯಾಕೆ?"

ಅಂದಾಜಪ್ಪನಿಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋದಂತಾಯಿತು. ಇಡೀ ದೇಶಕ್ಕೆ ಏನು ಬೇಕೆಂದು ಈ ಮುದುಕಿಯ ಬಾಯಿಂದ ತಿಳಿದುಕೊಂಡವನಿಗೆ, ಮುದುಕಿಗೆ ಏನು ಬೇಕೆಂಬುದು ತಲೆಗೆ ಹೋಗಿರಲಿಲ್ಲ.

"ಯಾವುದು ಬೇಕಿತ್ತು ಅತ್ತೆ? ಕರೀದಾ, ಬಿಳೀದಾ?"

"ಎರಡೂ."

ಅಷ್ಟರಲ್ಲಿ ಅಂಗಡಿಯವನು ಬಾಗಿಲಿಗೆ ಬಂದು ಕೈ ಮೇಲೆತ್ತಿ ಕೂಗಿದ. "ಎರಡೂ ಮುಗೀತು! ಬಂದಿದ್ದೇ ಅಷ್ಟು! ಮುಂದಿನ ಲೋಡು ಇವತ್ತೋ ನಾಳೆಯೋ ಗೊತ್ತಿಲ್ಲ!" ಅತ್ತೆಯ ಮುಂದೆ ಉಳಿದಿದ್ದದ್ದು ಇಬ್ಬರೇ. ಸಾಲು ಬುಸುಗುಟ್ಟಿತು.

"ಯಾರಪ್ಪಾ ಅವನು, ಇಷ್ಟೇ ಸಾಕು ಅಂತ ಹೇಳಿದ ಪುಣ್ಯಾತ್ಮ?" ಅತ್ತೆ ಕೇಳಿದರು.

ಸುಮ್ಮನಿರಬಹುದಿತ್ತು. "ನಾನೇ ಅತ್ತೆ" ಅಂದ ಅಂದಾಜಪ್ಪ.

ಅವರು ಬೈಯಲಿಲ್ಲ. ಮಂಡಿ ಹಿಡಿದುಕೊಂಡು ಎದ್ದು, ಸ್ಟೂಲನ್ನು ಅವನ ಕಡೆ ತಳ್ಳಿದರು. "ಕೂತ್ಕೊಳ್ಳಿ. ಲೋಡು ಬರೋವರೆಗೂ ನನ್ನ ಜಾಗ ಬಿಡಬೇಡಿ. ನಂಗೆ ಕಾಲು ನೋಯ್ತಿದೆ, ಮನೆಗೆ ಹೋಗ್ತೀನಿ."

ಅವನು ಕುಳಿತ. ಅತ್ತೆ ಗೋಡೆ ಹಿಡಿದುಕೊಂಡು ನಿಧಾನವಾಗಿ ತಿರುವು ದಾಟಿದರು. ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಮ್ಯಾನೇಜರು. "ಊರು ತುಂಬ ಕ್ಯೂ, ಅಂಗಡಿ ತುಂಬ ಖಾಲಿ! ಈಗಿಂದೀಗ್ಲೇ ಬಂದು ಮಾಲೀಕರ ಮುಂದೆ ನಿಂತು ಉತ್ತರ ಹೇಳು. ಬಂದ್ರೆ ಕುರ್ಚಿ ಉಳಿಯತ್ತೇನೋ ನೋಡೋಣ. ಇಲ್ದಿದ್ರೆ ಮಧ್ಯಾಹ್ನಾನೇ ನೆಲಮಾಳಿಗೆ."

ಅಂದಾಜಪ್ಪ ಹಿಂದೆ ತಿರುಗಿ ನೋಡಿದ. ಅವನ ಬೆನ್ನ ಹಿಂದಿನವನು ಆಗಲೇ ಸ್ಟೂಲಿನ ಪಕ್ಕಕ್ಕೆ ಒಂದು ಕಾಲು ಮುಂದೆ ಇಟ್ಟಿದ್ದ.

"ಬರೋಕಾಗಲ್ಲ ಸಾರ್" ಅಂದ. "ನಮ್ಮತ್ತೆ ಜಾಗ ಹೋಗ್ಬಿಡತ್ತೆ."